ಮೀಟರನ್ನು ಮಕ್ಕಳ ಕಣ್ಣಳತೆಗೆ ಹಾಕಿ

ಶಾಲೆಯ ತಾರಸಿಗೆ ಸೌರಫಲಕ ಹಾಕಿಸುವ ಮಾತು ಬಂದಾಗ ಮೊದಲ ಸಭೆಯಲ್ಲಿ ಏಳುವ ಪ್ರಶ್ನೆಗಳು ಹೆಚ್ಚೂಕಡಿಮೆ ಒಂದೇ. ಎಷ್ಟು ಕಿಲೋವಾಟ್? ಎಷ್ಟು ಖರ್ಚು? ಹಾಕಿದ ಹಣ ಎಷ್ಟು ವರ್ಷಕ್ಕೆ ಹುಟ್ಟುತ್ತದೆ? ಇವೆಲ್ಲ ಕೇಳಬೇಕಾದ ಪ್ರಶ್ನೆಗಳೇ. ಆದರೆ ವಿನ್ಯಾಸಕ್ಕೆ ಕೂರುವ ಮುನ್ನ ನಾನು ಕೇಳುವುದು ಬೇರೊಂದನ್ನು: ಫಲಕಗಳು ಎಷ್ಟು ವಿದ್ಯುತ್ ಕೊಟ್ಟವೆಂದು ತೋರಿಸುವ ಮೀಟರನ್ನು ಎಲ್ಲಿ ಹಾಕುತ್ತೀರಿ? ಬಹಳ ಕಡೆ ಉತ್ತರ ಸಿದ್ಧವಾಗಿರುತ್ತದೆ. ಮೆಟ್ಟಿಲ ಕೆಳಗಿನ ಕೋಣೆಯಲ್ಲಿ, ಫಲಕದ ವಿದ್ಯುತ್ತನ್ನು ದೀಪ, ಫ್ಯಾನಿಗೆ ಒಗ್ಗುವಂತೆ ಬದಲಿಸುವ ಇನ್ವರ್ಟರ್ ಜೊತೆಗೆ, ಬೀಗ ಹಾಕಿ. ಅಲ್ಲಿಗೆ ಆ ಘಟಕದ ಅರ್ಧ ಉಪಯೋಗವೂ ಬೀಗದೊಳಗೆ ಸೇರಿತೆಂದೇ ನನ್ನ ಲೆಕ್ಕ.

ಸೌರಫಲಕ ಗಟ್ಟಿ ವಸ್ತು. ಇಪ್ಪತ್ತೈದು ವರ್ಷ ಬಾಳುವಂತೆಯೇ ಅದನ್ನು ತಯಾರಿಸುತ್ತಾರೆ. ಅದರಲ್ಲಿ ತಿರುಗುವ ಭಾಗವಿಲ್ಲ, ಸವೆಯುವ ಚಕ್ರವಿಲ್ಲ, ಸದ್ದೂ ಇಲ್ಲ. ಈ ಸದ್ದಿಲ್ಲದ ಗುಣವೇ ತೊಂದರೆಗೂ ದಾರಿ. ನೀರಿನ ಪಂಪು ಕೆಟ್ಟರೆ ಸಂಜೆಯೊಳಗೆ ಎಲ್ಲರಿಗೂ ಗೊತ್ತಾಗುತ್ತದೆ. ಫಲಕಗಳ ಒಂದು ಸಾಲಿನ ಫ್ಯೂಸ್ ಹೋದರೆ ಯಾರಿಗೂ ಗೊತ್ತಾಗುವುದಿಲ್ಲ, ಏಕೆಂದರೆ ದೀಪ ಉರಿಯುತ್ತಲೇ ಇರುತ್ತದೆ, ಫ್ಯಾನ್ ತಿರುಗುತ್ತಲೇ ಇರುತ್ತದೆ. ಕೊರತೆಯನ್ನು ಗ್ರಿಡ್, ಅಂದರೆ ಊರಿಗೆ ಕರೆಂಟ್ ತರುವ ವಿದ್ಯುತ್ ಜಾಲ, ತುಂಬಿಕೊಡುತ್ತದೆ. ತಿಂಗಳುಗಟ್ಟಲೆ ಅರ್ಧ ಸತ್ತ ಘಟಕವನ್ನು ಹೊತ್ತು ನಿಂತ ಕಟ್ಟಡಗಳು ಕಡಿಮೆಯಿಲ್ಲ. ಅಲ್ಲಿ ಉಪಕರಣ ಚೆನ್ನಾಗಿಯೇ ಇರುತ್ತದೆ, ನೋಡುವವರು ಇರುವುದಿಲ್ಲ.

ಮಕ್ಕಳು ನೋಡಬಲ್ಲರು. ಮೀಟರನ್ನು ಅವರು ಓಡಾಡುವ ಪಡಸಾಲೆಯಲ್ಲಿ, ಅವರ ಕಣ್ಣಳತೆಗೆ ಹಾಕಿ, ಪಕ್ಕದಲ್ಲಿ ದಾರ ಕಟ್ಟಿದ ಪೆನ್ಸಿಲ್ಲು ಮತ್ತು ಒಂದು ದಪ್ಪ ನೋಟುಬುಕ್ಕು ಇಟ್ಟರೆ ಸಾಕು. ದಿನವೂ ಶಾಲೆ ಬಿಡುವ ಹೊತ್ತಿಗೆ ಒಬ್ಬ ವಿದ್ಯಾರ್ಥಿ ಮೀಟರ್ ಓದಿ ಬರೆಯುತ್ತಾನೆ: ತಾರೀಖು, ಮೀಟರಿನ ಅಂಕಿ, ಹಿಂದಿನ ಅಂಕಿಯಿಂದ ಕಳೆದಾಗ ಬಂದ ಯೂನಿಟ್, ಆಕಾಶ ಹೇಗಿತ್ತು. ನಾಲ್ಕೇ ಕಲಂ. ಬಿಸಿಲು ಚೆನ್ನಾಗಿರುವ ಪ್ರದೇಶದಲ್ಲಿ ಒಂದು ಕಿಲೋವಾಟ್ ಫಲಕ ದಿನಕ್ಕೆ ಸುಮಾರು ನಾಲ್ಕು ಯೂನಿಟ್ ಕೊಡುತ್ತದೆ. ಹತ್ತು ಕಿಲೋವಾಟಿನ ಘಟಕವಾದರೆ ನಿರಭ್ರ ದಿನದ ಅಂಕಿ ನಲವತ್ತರ ಆಸುಪಾಸಿನಲ್ಲಿರಬೇಕು. ಎರಡು ಸಾಲುಗಳಿರುವ ಅಂಥ ಘಟಕದಲ್ಲಿ, ಮೋಡವಿಲ್ಲದ ದಿನವೂ ಅಂಕಿ ಇಪ್ಪತ್ತಕ್ಕೆ ಇಳಿದರೆ ಒಂದು ಸಾಲು ಬಿದ್ದುಹೋಗಿರಬೇಕೆಂದು ಏಳನೆಯ ತರಗತಿಯ ಹುಡುಗಿ ಹೇಳಬಲ್ಲಳು. ಅದಕ್ಕೆ ಇಂಜಿನಿಯರ್ ಬೇಕಿಲ್ಲ, ಭಾಗಾಕಾರ ಬಂದರೆ ಸಾಕು.

ಈ ನೋಟುಬುಕ್ಕಿನಿಂದ ಇನ್ನೊಂದು ಲಾಭವಿದೆ. ಕಿಲೋವಾಟ್ ಮತ್ತು ಯೂನಿಟ್ಟಿನ ನಡುವಿನ ವ್ಯತ್ಯಾಸವನ್ನು ದೊಡ್ಡವರು ಕೂಡ ಗೊಂದಲ ಮಾಡಿಕೊಳ್ಳುತ್ತಾರೆ. ನಲ್ಲಿಯ ಧಾರೆ ಎಷ್ಟು ದಪ್ಪ ಎನ್ನುವುದು ಕಿಲೋವಾಟ್. ಕೊಡ ಎಷ್ಟು ತುಂಬಿತು ಎನ್ನುವುದು ಯೂನಿಟ್, ಅಂದರೆ ಕಿಲೋವಾಟ್-ಗಂಟೆ. ಒಂದು ತಿಂಗಳು ಮೀಟರ್ ಓದಿದ ಮಗುವಿಗೆ ಇದನ್ನು ಯಾರೂ ವಿವರಿಸಬೇಕಾಗುವುದಿಲ್ಲ.

ತಾರಸಿಯ ಘಟಕದ ಜೊತೆಗೆ ಪಾಠಕ್ಕೆಂದೇ ಇಪ್ಪತ್ತು ವಾಟಿನ ಒಂದು ಪುಟ್ಟ ಫಲಕ ಮತ್ತು ವೋಲ್ಟೇಜ್, ಪ್ರವಾಹ ಎರಡನ್ನೂ ಅಳೆಯುವ ಒಂದು ಮಲ್ಟಿಮೀಟರ್ ಕೊಡಿಸಿ ಎಂದು ನಾನು ಪಟ್ಟು ಹಿಡಿಯುತ್ತೇನೆ. ಇದು ಇಡೀ ಯೋಜನೆಯಲ್ಲಿ ಅತಿ ಅಗ್ಗದ ವಸ್ತು, ಅತಿ ಹೆಚ್ಚು ಕಲಿಸುವುದೂ ಇದೇ. ಅದರಲ್ಲಿ ಸಾಮಾನ್ಯವಾಗಿ ಮೂವತ್ತಾರು ಸಿಲಿಕಾನ್ ಕೋಶಗಳು ಒಂದರ ಹಿಂದೊಂದು ಜೋಡಣೆಯಾಗಿರುತ್ತವೆ. ಒಂದೊಂದೂ ಸುಮಾರು 0.6 ವೋಲ್ಟ್, ಒಟ್ಟು ಇಪ್ಪತ್ತೊಂದು ಇಪ್ಪತ್ತೆರಡು ವೋಲ್ಟ್. ಬಿಸಿಲಿನಲ್ಲಿಟ್ಟು ಅಳೆಯಿರಿ, ಆಮೇಲೆ ಮರದ ನೆರಳಿಗೆ ತಂದು ಅಳೆಯಿರಿ. ವೋಲ್ಟೇಜ್ ಸ್ವಲ್ಪವೇ ಇಳಿದಿರುತ್ತದೆ. ಮಕ್ಕಳಿಗೆ ಆಶ್ಚರ್ಯ: ನೆರಳಿನಲ್ಲೂ ಇಷ್ಟೊಂದು ವಿದ್ಯುತ್ತೇ? ಈಗ ಮಲ್ಟಿಮೀಟರನ್ನು ಹತ್ತು ಆಂಪಿಯರಿನ ಅಳತೆಗೆ ತಿರುಗಿಸಿ ಪ್ರವಾಹ ನೋಡಿ. ಬಿಸಿಲಿನಲ್ಲಿ ಒಂದು ಆಂಪಿಯರ್ ದಾಟಿದ್ದು ನೆರಳಿನಲ್ಲಿ ಅದರ ಸಣ್ಣ ಚೂರಾಗಿರುತ್ತದೆ. ಬೆಳಕಿಗೆ ತಕ್ಕಂತೆ ಕುಣಿಯುವುದು ಪ್ರವಾಹ, ವೋಲ್ಟೇಜ್ ಅಲ್ಲ. ಫಲಕವನ್ನು ಸೂರ್ಯನಿಗೆ ನೇರವಾಗಿ ಹಿಡಿದು, ಬಳಿಕ ಅರುವತ್ತು ಡಿಗ್ರಿ ಓರೆ ಮಾಡಿದರೆ ಪ್ರವಾಹ ಹತ್ತಿರ ಹತ್ತಿರ ಅರ್ಧಕ್ಕಿಳಿಯುತ್ತದೆ. ಅರುವತ್ತು ಡಿಗ್ರಿಯ ಕೊಸೈನ್ ಅರ್ಧ ಎಂದು ಬಾಯಿಪಾಠ ಮಾಡಿದ ಹತ್ತನೆಯ ತರಗತಿಯವರ ಮುಖ ಆಗ ನೋಡಬೇಕು.

ಇನ್ನು ಒಂದೇ ಒಂದು ಕೋಶವನ್ನು ರಟ್ಟಿನಿಂದ ಪೂರ್ತಿ ಮುಚ್ಚಿ, ಫಲಕಕ್ಕೆ ಚಿಕ್ಕ ಫ್ಯಾನ್ ಜೋಡಿಸಿ ನೋಡಿ. ಮುಚ್ಚಿದ್ದು ಮೂವತ್ತಾರರಲ್ಲಿ ಒಂದು ಪಾಲು. ಕಳೆದುಕೊಂಡದ್ದು ಅದಕ್ಕಿಂತ ಎಷ್ಟೋ ಪಟ್ಟು. ಕೋಶಗಳೆಲ್ಲ ಒಂದೇ ಸರಣಿಯಲ್ಲಿರುವುದರಿಂದ ಸೊರಗಿದ ಕೋಶವೊಂದು ಇಡೀ ಸರಣಿಯ ಪ್ರವಾಹವನ್ನು ತಡೆಯುತ್ತದೆ. ದೊಡ್ಡ ಫಲಕಗಳಲ್ಲಿ ಈ ಹಾನಿ ತಗ್ಗಿಸಲೆಂದೇ ಸಾಮಾನ್ಯವಾಗಿ ಮೂರು ಬೈಪಾಸ್ ಡಯೋಡ್ ಇರುತ್ತವೆ, ಸೊರಗಿದ ಕೋಶಗಳನ್ನು ಬಿಟ್ಟು ಪ್ರವಾಹಕ್ಕೆ ಅವು ಬಳಸುದಾರಿ ಕೊಡುತ್ತವೆ. ಆದರೂ ನೀರಿನ ತೊಟ್ಟಿಯ ನೆರಳು, ಧ್ವಜಸ್ತಂಭದ ನೆರಳು, ಒಣಗಿ ಅಂಟಿದ ಹಕ್ಕಿಯ ಹಿಕ್ಕೆ ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಈ ಪ್ರಯೋಗ ಮಾಡಿದ ಮಕ್ಕಳು ತಾರಸಿಯ ಪಕ್ಕದ ಕೊಂಬೆ ಬೆಳೆಯುತ್ತಿರುವುದನ್ನು ತಾವೇ ಬಂದು ಹೇಳುತ್ತಾರೆ.

ಬಿಸಿಲಿನ ಕಾವು ಹೆಚ್ಚಿದಷ್ಟೂ ವಿದ್ಯುತ್ ಹೆಚ್ಚು ಎಂಬ ನಂಬಿಕೆಯನ್ನೂ ನೋಟುಬುಕ್ಕೇ ತಿದ್ದುತ್ತದೆ. ಫಲಕದ ಮೇಲೆ ನಮೂದಿಸಿದ ವಾಟ್, ಚದರ ಮೀಟರಿಗೆ 1000 ವಾಟ್ ಬೆಳಕು ಮತ್ತು ಕೋಶದ ಉಷ್ಣತೆ 25 ಡಿಗ್ರಿ ಇರುವಾಗಿನದು. ಉರಿಬಿಸಿಲಿನ ಮಧ್ಯಾಹ್ನ ಕೋಶ 60 ಡಿಗ್ರಿ ಮುಟ್ಟುವುದು ಸಾಮಾನ್ಯ. ಏರುವ ಪ್ರತಿ ಡಿಗ್ರಿಗೆ ಸಿಲಿಕಾನ್ ಫಲಕ ಶೇಕಡಾ 0.3ರಿಂದ 0.4ರಷ್ಟು ಸಾಮರ್ಥ್ಯ ಬಿಟ್ಟುಕೊಡುತ್ತದೆ. ಹಾಗಾಗಿ 400 ವಾಟಿನ ಫಲಕ ಅಂಥ ಹೊತ್ತಿನಲ್ಲಿ 350ರ ಆಸುಪಾಸಿಗೆ ನಿಂತರೆ ಮಾರಾಟಗಾರ ಮೋಸ ಮಾಡಿದನೆಂದಲ್ಲ. ತಿಳಿಯಾದ ಆಕಾಶ ಮತ್ತು ತಂಪು ಗಾಳಿ ಕೂಡಿದ ದಿನಗಳಲ್ಲಿ ಫಲಕ ತನ್ನ ಪೂರ್ತಿ ಬಲ ತೋರಿಸುತ್ತದೆ.

ಚರಿತ್ರೆಯನ್ನೂ ಜೊತೆಗಿಡಿ, ಮಕ್ಕಳಿಗೆ ಹುಮ್ಮಸ್ಸು ಬರುತ್ತದೆ. ಬೆಳಕಿನಿಂದ ವಿದ್ಯುತ್ ಹುಟ್ಟುವುದನ್ನು ಎಡ್ಮಂಡ್ ಬೆಕರೆಲ್ 1839ರಲ್ಲಿ ಕಂಡಾಗ ಆತನಿಗೆ 19 ವರ್ಷ. 1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯ ತೋರಿಸಿದ ಸಿಲಿಕಾನ್ ಕೋಶ ಬೆಳಕಿನ ಶೇಕಡಾ ಆರರಷ್ಟನ್ನು ವಿದ್ಯುತ್ತಾಗಿಸಿತು. ಇಂದಿನ ತಾರಸಿಯ ಫಲಕ ಶೇಕಡಾ 20ನ್ನು ದಾಟಿದೆ.

ಘಟಕ ಬಂದ ಮೊದಲ ತಿಂಗಳಲ್ಲೇ ಒಂದು ದೂರು ಬರುತ್ತದೆ: ಸೋಲಾರ್ ಹಾಕಿಸಿದ್ದೇವೆ, ಹಾಡುಹಗಲೇ ಕರೆಂಟ್ ಹೋಗಿ ಶಾಲೆಯೆಲ್ಲ ಕತ್ತಲೆ, ಇದೇನು? ಬ್ಯಾಟರಿಯಿಲ್ಲದೆ ಗ್ರಿಡ್ಡಿಗೆ ಜೋಡಿಸಿದ ಇನ್ವರ್ಟರ್, ಗ್ರಿಡ್ ಸತ್ತ ಕೂಡಲೇ ತಾನೂ ನಿಲ್ಲಬೇಕು. ಹಾಗೆಯೇ ಅದನ್ನು ಮಾಡಿರುತ್ತಾರೆ. ತಂತಿ ಸತ್ತಿದೆ ಎಂದು ನಂಬಿ ಲೈನ್‌ಮನ್ ಕಂಬ ಹತ್ತಿರುತ್ತಾನೆ. ಆಗ ನಮ್ಮ ತಾರಸಿಯಿಂದ ವಿದ್ಯುತ್ ಹರಿದರೆ ಅವನ ಜೀವಕ್ಕೆ ಕುತ್ತು. ಇದನ್ನು ಉದ್ಘಾಟನೆಯ ದಿನವೇ ಪೋಷಕರಿಗೆ ಬಿಡಿಸಿ ಹೇಳಬೇಕು. ಹೇಳದಿದ್ದರೆ ಸೋಲಾರ್ ಕೆಲಸಕ್ಕೆ ಬರುವುದಿಲ್ಲ ಎಂಬ ಮಾತು ಊರೆಲ್ಲ ಹಬ್ಬುತ್ತದೆ. ಕರೆಂಟ್ ಹೋದಾಗಲೂ ದೀಪ ಬೇಕೆಂದರೆ ಬ್ಯಾಟರಿ ಮತ್ತು ಅದಕ್ಕೆ ತಕ್ಕ ಇನ್ವರ್ಟರ್ ಬೇಕು, ಅದರ ಖರ್ಚು ಬೇರೆ.

ಫಲಕಕ್ಕೆ ಮುಂಚೆ ಫ್ಯಾನ್ ಬದಲಿಸಿ ಎಂದು ಹೇಳುವುದೂ ನನ್ನ ವಾಡಿಕೆ. ಹಳೆಯ ಫ್ಯಾನ್ 75 ವಾಟ್ ಎಳೆದರೆ ಬ್ರಷ್ ಇಲ್ಲದ ಮೋಟಾರಿನ ಹೊಸ ಬಿಎಲ್‌ಡಿಸಿ ಫ್ಯಾನ್ ಅದೇ ಗಾಳಿಯನ್ನು ಸುಮಾರು 30 ವಾಟಿನಲ್ಲಿ ಕೊಡುತ್ತದೆ. ಕೋಣೆ ಕೋಣೆಗೆ ಹೋಗಿ ಯಾವ ಉಪಕರಣ ಎಷ್ಟು ವಾಟ್, ದಿನಕ್ಕೆ ಎಷ್ಟು ಗಂಟೆ ಎಂದು ಮಕ್ಕಳೇ ಪಟ್ಟಿ ಮಾಡಲಿ. ಆ ಪಟ್ಟಿ ಕೈಗೆ ಬಂದ ಮೇಲೆ ಬೇಕಾದ ಕಿಲೋವಾಟ್ ಎಷ್ಟೋ ಸಲ ಕಡಿಮೆಯೇ ಆಗುತ್ತದೆ.

ಓದುಬರಹ ಬಲ್ಲವರಿಗೆ ಮಾತ್ರ ಇದೆಲ್ಲ ಅರ್ಥವಾಗುತ್ತದೆ ಎಂಬ ಅಳುಕು ಬೇಡ. ರಾಜಸ್ಥಾನದ ತಿಲೋನಿಯಾದ ಬೇರ್‌ಫುಟ್ ಕಾಲೇಜು ಅನೇಕ ದೇಶಗಳ ಹಳ್ಳಿಯ ಹೆಂಗಸರಿಗೆ, ಅಕ್ಷರ ಬಾರದವರಿಗೂ, ಬಣ್ಣದ ಗುರುತು ಮತ್ತು ಕೈಸನ್ನೆಗಳಿಂದಲೇ ಸೌರದೀಪ ಕೂರಿಸುವುದನ್ನೂ ರಿಪೇರಿ ಮಾಡುವುದನ್ನೂ ಕಲಿಸಿದೆ. ಶಾಲೆಯಿಂದಾಚೆಗೂ ಇದೇ ಮಾತು: ಸಮುದಾಯದ ಸೌರ ಬೀದಿದೀಪಗಳು ಆರಿಹೋಗುವುದು ಹೆಚ್ಚಾಗಿ ಬ್ಯಾಟರಿಯ ದೆಸೆಯಿಂದ. ಸೀಸದ ಬ್ಯಾಟರಿಗೆ ಭಟ್ಟಿಯಿಳಿಸಿದ ನೀರು ಹಾಕುವವರು ಯಾರು, ಸತ್ತ ಬ್ಯಾಟರಿ ಬದಲಿಸುವ ಹಣ ಯಾವ ನಿಧಿಯಿಂದ ಎಂಬುದನ್ನು ಕಂಬ ನೆಡುವ ಮೊದಲೇ ಬರೆದಿಡಬೇಕು. ಬೀದಿಯಲ್ಲೇ ಇರುವ ಇಬ್ಬರಿಗಾದರೂ ರಿಪೇರಿ ಕಲಿಸಿರಬೇಕು.

ಒಂದು ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಪುಟ್ಟ ಫಲಕ ಮಕ್ಕಳ ಕೈಗೆ, ತಾರಸಿಯ ಘಟಕ ಅವರ ಕಣ್ಣಿಗೆ ಮಾತ್ರ. ಸಾಲಾಗಿ ಜೋಡಿಸಿದ ಫಲಕಗಳಲ್ಲಿ ನೂರಾರು ವೋಲ್ಟ್ ಡಿಸಿ, ಅಂದರೆ ಒಂದೇ ದಿಕ್ಕಿಗೆ ಹರಿಯುವ ವಿದ್ಯುತ್, ಇರುತ್ತದೆ. ಬೆಳಕು ಬೀಳುತ್ತಿರುವಷ್ಟು ಹೊತ್ತೂ ಅದನ್ನು ಆರಿಸುವ ಸ್ವಿಚ್ ಫಲಕದಲ್ಲಿಲ್ಲ. ಗ್ರಿಡ್ಡಿನ ಎಸಿ ಪ್ರವಾಹ ದಿಕ್ಕು ಬದಲಿಸುತ್ತಾ ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬರುವುದರಿಂದ ಕಿಡಿ ತಾನೇ ನಂದುವ ಅವಕಾಶವಿದೆ. ಡಿಸಿ ಕಿಡಿಗೆ ಆ ಬಿಡುವಿಲ್ಲ, ಉರಿಯುತ್ತಲೇ ಹೋಗುತ್ತದೆ. ತಾರಸಿಯ ಬಾಗಿಲಿಗೆ ಬೀಗವಿರಲಿ, ಡಿಸಿ ಮತ್ತು ಎಸಿ ಸ್ವಿಚ್ ಎಲ್ಲಿವೆ ಎಂಬ ನಕ್ಷೆಯನ್ನು ಮೀಟರಿನ ಪಕ್ಕದಲ್ಲೇ ಅಂಟಿಸಿ, ಅದು ಅಗ್ನಿಶಾಮಕದವರಿಗೂ ಬೇಕಾಗುತ್ತದೆ. ಫಲಕ ತೊಳೆಯುವುದು ಬೆಳಗಿನ ತಂಪು ಹೊತ್ತಿನಲ್ಲಿ, ತರಬೇತಿಯಿರುವ ದೊಡ್ಡವರಿಂದ. ಕಾದ ಗಾಜಿನ ಮೇಲೆ ತಣ್ಣೀರು ಬಿದ್ದರೆ ಬಿರುಕು ಬಿಡಬಹುದು. ಕನೆಕ್ಟರ್ ಬಿಚ್ಚುವ ಕೆಲಸವಂತೂ ಪರವಾನಗಿ ಇರುವ ತಂತ್ರಜ್ಞರದ್ದೇ. ಮಕ್ಕಳು ಅಂಕಿ ಬಿದ್ದದ್ದನ್ನು ತೋರಿಸಿದ ದಿನವೇ ಆ ತಂತ್ರಜ್ಞರನ್ನು ಕರೆಸುವ ಹೊಣೆ ಮುಖ್ಯೋಪಾಧ್ಯಾಯರದು.