ಪ್ರಿಂಟ್ ಬರೆಯುವುದು ಪರದೆಗಲ್ಲ

ಕಲಬುರಗಿಯ ನೆಹರು ಗಂಜಿನ ಅಡತಿ ಅಂಗಡಿಗಳಿಗೆ, ದಾಲ್ ಮಿಲ್ಲುಗಳಿಗೆ ನಾನು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಸಣ್ಣಪುಟ್ಟ ಸ್ಕ್ರಿಪ್ಟ್ ಬರೆದುಕೊಡುತ್ತೇನೆ. ತೊಗರಿ ಸೀಸನ್ ಬಂತೆಂದರೆ ಈ ಫೋನ್ ಬಂದೇ ಬರುತ್ತದೆ: "ಸರ್, ಪ್ರೋಗ್ರಾಂ ನಡದದ, ಫೈಲ್ ನೋಡಿದ್ರ ಖಾಲಿ ಅದರಿ."

ಪೈಥಾನಿನಲ್ಲಿ ಪ್ರಿಂಟ್ (print) ಎಂಬ ಆದೇಶ ಅಂದರೆ ಪರದೆಯ ಮೇಲೆ ಬರೆಯುವುದು ಅಂದುಕೊಂಡಿರುತ್ತೇವೆ, ಅಲ್ವಾ? ಅದು ಬರೆಯುವುದು ಸ್ಟ್ಯಾಂಡರ್ಡ್ ಔಟ್‌ಪುಟ್‌ಗೆ, ಅಂದರೆ ಪ್ರೋಗ್ರಾಂನ ಫಲಿತಾಂಶ ಹೊರಬರುವ ದಾರಿಗೆ. ಅಲ್ಲಿಂದ ಮುಂದೆ ಪರದೆಗೋ ಫೈಲಿಗೋ ಇನ್ನೊಂದು ಪ್ರೋಗ್ರಾಂಗೋ ಎನ್ನುವುದು ಓಡಿಸುವವರ ಕೈಯಲ್ಲಿದೆ. ಕಮಾಂಡಿನ ಕೊನೆಗೆ > ಹಾಕಿ ಫೈಲಿನ ಹೆಸರು ಕೊಟ್ಟರೆ ಎಲ್ಲ ಆ ಫೈಲಿಗೆ ಹೋಗುತ್ತದೆ.

ಆದರೆ ತಕ್ಷಣ ಹೋಗುವುದಿಲ್ಲ. ಟರ್ಮಿನಲ್ (ಕಮಾಂಡ್ ಕೊಡುವ ಪರದೆ) ಆದರೆ ಸಾಲು ಮುಗಿದ ಕೂಡಲೇ ಕಾಣುತ್ತದೆ. ಫೈಲ್ ಆದರೆ ಪೈಥಾನ್ ಸಾಲುಗಳನ್ನು ಬಫರಿನಲ್ಲಿ, ಅಂದರೆ ಮೆಮೊರಿಯ ತಾತ್ಕಾಲಿಕ ಜಾಗದಲ್ಲಿ, ಕೂಡಿಟ್ಟು, ಅದು ತುಂಬಿದ ಮೇಲೆ ಒಮ್ಮೆಲೇ ಬರೆಯುತ್ತದೆ. ಬಹಳಷ್ಟು ಆವೃತ್ತಿಗಳಲ್ಲಿ ಇದರ ಅಳತೆ 8192 ಬೈಟ್. 'ತೊಗರಿ' ಅನ್ನೋ ಪದಕ್ಕೆ ಯುಟಿಎಫ್-8ರಲ್ಲಿ (ಎಲ್ಲ ಭಾಷೆಯ ಅಕ್ಷರಗಳನ್ನೂ ಬೈಟ್‌ಗಳಲ್ಲಿ ಬರೆದಿಡುವ ಪದ್ಧತಿ) ಬೇಕಾಗುವುದು ಬರೀ 15 ಬೈಟ್. ಹಾಗಾಗಿ ನಿಧಾನಕ್ಕೆ ಓಡುವ ಸ್ಕ್ರಿಪ್ಟಿನ ಫೈಲ್ ಬಹಳ ಹೊತ್ತು ಖಾಲಿಯೇ ಇರುತ್ತದೆ. ಹುಡುಗರು ಗಾಬರಿಯಾಗಿ ಟಾಸ್ಕ್ ಮ್ಯಾನೇಜರ್‌ನಲ್ಲಿ ಎಂಡ್ ಟಾಸ್ಕ್ ಒತ್ತುತ್ತಾರೆ. ಬಫರಿನಲ್ಲಿದ್ದದ್ದೂ ಹೋಯಿತು!

ಪ್ರಿಂಟ್‌ಗೆ 'ಫ್ಲಶ್' ಟ್ರೂ (flush=True) ಅಂತ ಕೊಟ್ಟರೆ ಬಫರ್ ತುಂಬಲು ಕಾಯದೆ ಕೂಡಲೇ ಬರೆಯುತ್ತದೆ. ಪೈಥಾನ್ 3.3ರಿಂದ ಈ ಸೌಲಭ್ಯವಿದೆ. ಲಕ್ಷಗಟ್ಟಲೆ ಸಾಲಿದ್ದರೆ ಪ್ರತಿ ಸಾಲಿಗೂ ಸುಮ್ನೆ ಹಾಕಬೇಡಿ, ಕೆಲಸ ನಿಧಾನವಾಗುತ್ತದೆ. ಆಗೊಮ್ಮೆ ಈಗೊಮ್ಮೆ ಹಾಕಿದರೆ ಸಾಕು.

ವಿಂಡೋಸ್‌ನಲ್ಲಿ ಇನ್ನೊಂದು ತಕರಾರು. ಪರದೆಯ ಮೇಲೆ ಚೆನ್ನಾಗಿ ಬರುತ್ತಿದ್ದ ಕನ್ನಡ, > ಹಾಕಿದ ಕೂಡಲೇ 'ಯೂನಿಕೋಡ್ ಎನ್‌ಕೋಡ್ ಎರರ್' ಕೊಟ್ಟು ನಿಲ್ಲುತ್ತದೆ. ಫೈಲಿಗೆ ಕಳಿಸುವಾಗ ಪೈಥಾನ್ ಸಿಸ್ಟಂನ ಹಳೇ ಕೋಡ್ ಪೇಜ್ (ಅಕ್ಷರಗಳ ಪಟ್ಟಿ) ಹಿಡಿಯುತ್ತದೆ. ನಮ್ಮ ಕಡೆಯ ಕಂಪ್ಯೂಟರ್‌ಗಳಲ್ಲಿ ಹೆಚ್ಚಾಗಿ 1252. ಅದರಲ್ಲಿ ಕನ್ನಡವೇ ಇಲ್ಲ. 3.7 ಅಥವಾ ನಂತರದ ಆವೃತ್ತಿಯಾದರೆ 'ಪೈಥಾನ್‌ಯುಟಿಎಫ್8' (PYTHONUTF8) ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ (ಪ್ರೋಗ್ರಾಂಗಳು ಓದುವ ಸಿಸ್ಟಂ ಸೆಟ್ಟಿಂಗ್) 1 ಕೊಡಿ, ಸರಿಹೋಗುತ್ತದೆ.

ನನಗೆ ಜಾಸ್ತಿ ಸಿಟ್ಟು ಬರುವುದು ಇದಕ್ಕೆ: ಲಾಟ್ ನಂಬರ್, ಕ್ವಿಂಟಲ್, ದರದ ಸಾಲುಗಳ ನಡುವೆ 'ಲೆಕ್ಕ ನಡೆಯುತ್ತಿದೆ, ಸ್ವಲ್ಪ ಕಾಯಿರಿ' ಎಂದು ಪ್ರಿಂಟ್ ಮಾಡುವುದು. ಆ ಸಾಲೂ ಸಿಎಸ್‌ವಿ (ಅಲ್ಪವಿರಾಮದಿಂದ ಕಾಲಂ ಬೇರ್ಪಡಿಸಿದ) ಫೈಲಿಗೇ ಸೇರುತ್ತದೆ. ಎಕ್ಸೆಲ್‌ನಲ್ಲಿ ತೆರೆದರೆ ಲಾಟ್ ನಂಬರಿನ ಜಾಗದಲ್ಲಿ 'ಲೆಕ್ಕ ನಡೆಯುತ್ತಿದೆ' ಕೂತಿರುತ್ತದೆ. ಮನುಷ್ಯರು ಓದಬೇಕಾದ ಮಾತನ್ನು ಸ್ಟ್ಯಾಂಡರ್ಡ್ ಎರರ್ ಎಂಬ ಇನ್ನೊಂದು ದಾರಿಗೆ ಕಳಿಸಿ. ಹೆಸರು ಎರರ್ ಆದರೂ ಅದು ತಪ್ಪುಗಳಿಗಷ್ಟೇ ಮೀಸಲಲ್ಲ. > ಹಾಕಿದರೂ ಅದು ಪರದೆಯ ಮೇಲೆಯೇ ಬರುತ್ತದೆ. ಅದನ್ನೂ ಬೇರೆ ಫೈಲಿನಲ್ಲಿ ಹಿಡಿದಿಡಬೇಕಿದ್ದರೆ 2> ಬಳಸಿ.