ಸೊಳ್ಳೆಯ ಎದೆಯಲ್ಲೊಂದು ಬಿಡಾರ

ಆನೆಕಾಲು ರೋಗದ ಸಮೀಕ್ಷೆಗೆ ಕಲಬುರಗಿ, ಯಾದಗಿರಿ ಕಡೆಯ ಹಳ್ಳಿಗಳಿಗೆ ಹೋದಾಗ ಜನ ಕಾಲು ಬಾತವರತ್ತ ಕಣ್ಣು ಹಾಯಿಸಿ ಕೇಳುತ್ತಾರೆ: "ಅವರಿಗೆ ಕಡದ ಸೊಳ್ಳಿ ನಮಗ ಕಡದ್ರ ಮುಗೀತಲ್ರೀ ಸರ?"

ಕಾಲು ಬಾತವರ ರಕ್ತದಲ್ಲಿ ಹೆಚ್ಚಾಗಿ ಈ ರೋಗ ತರುವ ಹುಳುವಿನ ಮರಿಗಳೇ ಸಿಗುವುದಿಲ್ಲ. ಅವು ಓಡಾಡುವುದು ಆರೋಗ್ಯವಾಗಿ ಕಾಣುವವರ ರಕ್ತದಲ್ಲಿ, ಅದೂ ನಡುರಾತ್ರಿಯ ಆಸುಪಾಸಿನಲ್ಲಿ. ನಾವು ರಾತ್ರಿ ಹೊತ್ತು ಬಾಗಿಲು ತಟ್ಟಿ ಬೆರಳು ಚುಚ್ಚುವುದು ಅದಕ್ಕೇ. ಇನ್ನು, ಸೊಳ್ಳೆ ಇವತ್ತು ಹೀರಿದ ಮರಿಯನ್ನು ನಾಳೆಯೇ ದಾಟಿಸಲಾರದು.

ಮರಿಯ ಉದ್ದ ಮಿಲಿಮೀಟರಿನ ಕಾಲುಭಾಗ. ಕ್ಯೂಲೆಕ್ಸ್ ಸೊಳ್ಳೆಯ ಹೊಟ್ಟೆ ಸೇರಿದೊಡನೆ ಮೈಮೇಲಿನ ತೆಳು ಪೊರೆ ಕಳಚಿ, ಜಠರದ ಗೋಡೆ ತೂರಿ, ಕೆಲವೇ ಗಂಟೆಗಳಲ್ಲಿ ಎದೆಗೆ ಬರುತ್ತದೆ. ರೆಕ್ಕೆ ಬಡಿಯುವ ಸ್ನಾಯುವಿನೊಳಗೇ ಅದರ ಬಿಡಾರ. ಅಲ್ಲಿ ಮೊದಲು ಗಿಡ್ಡಗೆ, ದಪ್ಪಗೆ ಆಗುತ್ತದೆ; ಎರಡು ಸಲ ಪೊರೆ ಬಿಟ್ಟು ಉದ್ದವಾಗುತ್ತದೆ. ಮರಿ ಹಾಕುವುದಿಲ್ಲ: ಒಳಹೋದದ್ದು ಐದಾದರೆ ಹೊರಬರುವುದು ಹೆಚ್ಚೆಂದರೆ ಐದು. 10ರಿಂದ 14 ದಿನ ಕಳೆದ ಮೇಲೆ ಸ್ನಾಯು ಬಿಟ್ಟು, ಕುತ್ತಿಗೆ ದಾಟಿ, ತಲೆಗೂ ಸೊಂಡಿಲಿಗೂ ಏರುತ್ತದೆ.

ಸೊಳ್ಳೆಯ ತಲೆ, ಎದೆ, ಹೊಟ್ಟೆಗಳನ್ನು ಸ್ಲೈಡಿನ ಮೇಲೆ ಮೂರು ಬೇರೆ ಸಲೈನ್ ಹನಿಗಳಲ್ಲಿ ಇಟ್ಟು ಸೂಜಿಯಿಂದ ಬಿಡಿಸುತ್ತೇನೆ. ಎದೆಯ ಹನಿಯಲ್ಲಿ ಸಿಗುವ ಗಿಡ್ಡ ಹುಳು ಅಲುಗಿದರೂ ಅಲುಗದಂತಿರುತ್ತದೆ. ತಲೆಯ ಹನಿಯಲ್ಲಿ ಸಿಕ್ಕರೆ ನೋಡಬೇಕು: ಸುಮಾರು ಒಂದೂವರೆ ಮಿಲಿಮೀಟರ್ ಉದ್ದದ ಎಳೆ, ಹಾವಿನಂತೆ ಹೊರಳುತ್ತಾ ಹನಿಯ ಅಂಚಿನವರೆಗೂ ಈಜುತ್ತದೆ. ಎಷ್ಟೋ ವರ್ಷ ನೋಡಿದರೂ ನನಗೆ ಅದು ಹಳತಾಗಿಲ್ಲ.

1877ರಲ್ಲಿ ಚೀನಾದ ಅಮೋಯ್‌ನಲ್ಲಿ ವೈದ್ಯ ಪ್ಯಾಟ್ರಿಕ್ ಮ್ಯಾನ್ಸನ್ ಹುಳುವಿನ ಈ ಬೆಳವಣಿಗೆಯನ್ನು ಸೊಳ್ಳೆಯೊಳಗೆ ಕಂಡರು. ಆದರೆ ಸೊಳ್ಳೆ ಕೆಲವೇ ದಿನ ಬದುಕುತ್ತದೆ, ನೀರಿಗೆ ಬಿದ್ದು ಸಾಯುತ್ತದೆ, ಆ ನೀರು ಕುಡಿದವರಿಗೆ ಹುಳು ಅಂಟುತ್ತದೆ ಎಂದು ನಂಬಿದ್ದರು. ಸೊಂಡಿಲಿನಲ್ಲಿ ಹುಳುವನ್ನು ಇನ್ನೊಬ್ಬ ವೈದ್ಯ ಜಾರ್ಜ್ ಲೋ ತೋರಿಸಿದ್ದು 1900ರಲ್ಲಿ.

ಮಲೇರಿಯಾ ರೋಗಾಣು ಸೊಳ್ಳೆಯ ಜೊಲ್ಲಿನೊಡನೆ ಒಳಗಿಳಿಯುತ್ತದೆ; ಈ ಹುಳು ಹಾಗಲ್ಲ. ಸೊಳ್ಳೆ ಕಚ್ಚುವಾಗ ಹುಳು ಸೊಂಡಿಲಿನ ತುದಿಯನ್ನು ಸೀಳಿ ಹೊರಬಂದು ಚರ್ಮದ ಮೇಲೆ ಬೀಳುತ್ತದೆ; ಸೊಳ್ಳೆ ಮಾಡಿದ ತೂತನ್ನು ತಾನೇ ಹುಡುಕಿ ಒಳನುಗ್ಗಬೇಕು. ಒಣಗಿ ಸಾಯುವವೇ ಹೆಚ್ಚು. ರೋಗ ಬೇರೂರಲು ತಿಂಗಳುಗಟ್ಟಲೆ ಕಡಿತ ಬೇಕಾಗುವುದು ಇದರಿಂದ.

ಹಾಗಾಗಿ ನಮ್ಮ ರಿಜಿಸ್ಟರಿನಲ್ಲಿ ಎರಡು ಕಲಂ. ಯಾವ ಹಂತದ ಹುಳು ಸಿಕ್ಕರೂ ಮೊದಲನೆಯದರಲ್ಲಿ ಬರೆಯುತ್ತೇವೆ. ಬೆಳೆದು ದಾಟಲು ಸಿದ್ಧವಾದದ್ದು ಸಿಕ್ಕರೆ ಎರಡನೆಯದರಲ್ಲೂ ಬರೆಯುತ್ತೇವೆ. ಆ ಎರಡನೆಯ ಕಲಮಿನಲ್ಲಿ ಒಂದು ಅಂಕಿ ಬಿದ್ದರೂ ಅದು ಸುಮಾರು ಎರಡು ವಾರ ಬದುಕುಳಿದ ಸೊಳ್ಳೆ; ಆ ಓಣಿಯ ಚರಂಡಿ ನೋಡಲು ಮರುದಿನವೇ ಹೊರಡುತ್ತೇವೆ.