ವಿಷುವಲ್ ಐಡೆಂಟಿಟಿ: ಸಿನಿಮಾ ಪ್ರಚಾರದ ಗುರುತು

ಫಸ್ಟ್ ಲುಕ್, ಟೀಸರ್, ಪೋಸ್ಟರ್, ಟ್ರೇಲರ್, ಹಾಡುಗಳ ಆಲ್ಬಂ ಕವರ್. ಇವೆಲ್ಲ ಒಂದೇ ಸಿನಿಮಾದವು ಅಂತ ಹೆಸರು ಓದುವ ಮೊದಲೇ ಗೊತ್ತಾಗಬೇಕು. ಹಾಗೆ ಗುರುತು ಹಿಡಿಸುವ ಬಣ್ಣ, ಅಕ್ಷರದ ಶೈಲಿ, ಚಿಹ್ನೆ, ಫೋಟೊಗಳ ಬೆಳಕು, ಎಲ್ಲ ಸೇರಿದರೆ ಅದು ಆ ಸಿನಿಮಾದ ವಿಷುವಲ್ ಐಡೆಂಟಿಟಿ.

ಒಂದೇ ಫೋಟೊವನ್ನು ಎಲ್ಲ ಕಡೆ ಅಂಟಿಸಿಬಿಟ್ಟರೆ ಕೆಲಸ ಮುಗಿಯಿತು ಅಂತ ತುಂಬ ಜನ ಅಂದುಕೊಳ್ಳುತ್ತಾರೆ. ಅದರಿಂದ ನೋಡುವವರಿಗೆ ಬೇಜಾರು ಬರುತ್ತದೆ ಅಷ್ಟೆ. ಯಾವ ಎರಡು ಮೂರು ಅಂಶ ಬದಲಾಗಲೇಬಾರದು ಅಂತ ಮೊದಲು ತೀರ್ಮಾನಿಸಬೇಕು. ಆಮೇಲೆ ಉಳಿದದ್ದನ್ನು ಧೈರ್ಯವಾಗಿ ಬದಲಾಯಿಸಬಹುದು.

1955ರ ‘ದಿ ಮ್ಯಾನ್ ವಿತ್ ದಿ ಗೋಲ್ಡನ್ ಆರ್ಮ್’ ನೋಡಿ. ಹೆರಾಯಿನ್ ಚಟಕ್ಕೆ ಬಿದ್ದವನ ಕಥೆ ಅದು. ವಿನ್ಯಾಸಕಾರ ಸಾಲ್ ಬಾಸ್ ಅದಕ್ಕೆ ಸೊಟ್ಟಪಟ್ಟ ಅಂಚಿನ ಒಂದು ತೋಳನ್ನು ರೂಪಿಸಿದರು. ಕಾಗದ ಕತ್ತರಿಸಿ ಮಾಡಿದಂತೆ ಕಾಣುತ್ತದೆ, ನೋಡಿದರೇ ನೋವಿನ ಅನುಭವ. ಪೋಸ್ಟರಿನಲ್ಲಿ ಆ ತೋಳು ಕಪ್ಪು. ಸಿನಿಮಾ ಶುರುವಾಗುವಾಗ ಕಪ್ಪು ತೆರೆಯ ಮೇಲೆ ಬಿಳಿ ಪಟ್ಟಿಗಳು ಓಡಾಡಿ, ಕೊನೆಗೆ ಅದೇ ತೋಳಾಗಿ ಬಿಳಿಯಲ್ಲಿ ಮೂಡುತ್ತದೆ. ಬಣ್ಣ ತಿರುಗಿದರೂ ಆಕಾರ ಉಳಿಯಿತು, ಗುರುತೂ ಉಳಿಯಿತು. ನನ್ನ ಪ್ರಕಾರ ಈ ವಿಷಯಕ್ಕೆ ಇದಕ್ಕಿಂತ ಒಳ್ಳೆ ಪಾಠ ಇಲ್ಲ.

ಅತಿ ಹೆಚ್ಚು ಕೆಲಸ ಮಾಡುವುದು ಟೈಟಲ್ ಅಕ್ಷರ. ಅಮೆರಿಕದಲ್ಲಿ ಥಿಯೇಟರಿನ ಪೋಸ್ಟರ್ ಸಾಮಾನ್ಯವಾಗಿ 27 × 40 ಇಂಚು. ಅದೇ ಟೈಟಲ್ ಮೊಬೈಲಿನ ಥಂಬ್‌ನೇಲ್‌ನಲ್ಲಿ ಹೆಬ್ಬೆರಳಿನಷ್ಟೂ ಇರಲ್ಲ. ಅಕ್ಷರಗಳ ಮೇಲೆ ಬಿರುಕು, ಹೊಗೆ, ಕಿಡಿ ಅಂತ ತುಂಬಿದ್ದರೆ ಅಲ್ಲಿ ಬರೀ ಮಸಿಯ ಮಚ್ಚೆಯಾಗುತ್ತದೆ. ಅದಕ್ಕೇ ಟೈಟಲನ್ನು ಮೊದಲು ಚಿಕ್ಕದಾಗಿ, ಒಂದೇ ಬಣ್ಣದಲ್ಲಿ ಇಟ್ಟು ನೋಡಬೇಕು. ಅಲ್ಲಿ ನಿಂತರೆ ಎಲ್ಲೂ ನಿಲ್ಲುತ್ತದೆ.

ಬಣ್ಣದ್ದು ಇನ್ನೊಂದು ತಲೆನೋವು. ಪರದೆ ಬೆಳಕಿನಿಂದ ಬಣ್ಣ ಕೊಡುತ್ತದೆ, ಮುದ್ರಣ ಶಾಯಿಯಿಂದ. ಪರದೆಯಲ್ಲಿ ಮಿಂಚುವ ನೀಲಿ, ಕಾಗದಕ್ಕೆ ಬಂದಾಗ ಮಂಕಾಗುತ್ತದೆ. ಅದಕ್ಕೇ ಒಂದೇ ಬಣ್ಣಕ್ಕೆ ಪರದೆಗೊಂದು, ಮುದ್ರಣಕ್ಕೊಂದು ಅಳತೆ ಬರೆದಿಡಬೇಕು.

ಟ್ರೇಲರ್ ಕತ್ತರಿಸುವವರು, ಪೋಸ್ಟರ್ ಮಾಡುವವರು, ಸೋಷಿಯಲ್ ಮೀಡಿಯಾ ನೋಡಿಕೊಳ್ಳುವವರು ಎಷ್ಟೋ ಸಲ ಬೇರೆ ಬೇರೆ ತಂಡದವರು, ಅಲ್ವಾ? ಇವರೆಲ್ಲರ ಕೈಗೆ ಒಂದೇ ಸ್ಟೈಲ್ ಗೈಡ್ ಸಿಗಬೇಕು. ಟೈಟಲ್ ಫೈಲ್, ಬಣ್ಣ, ಫಾಂಟ್, ಏನು ಮಾಡಬಾರದು ಅನ್ನುವ ಪಟ್ಟಿ ಅದರಲ್ಲಿರುತ್ತದೆ.

ಆದರೆ ಗೈಡ್ ಇದ್ದರೂ ಫೋಟೊ ಇಲ್ಲದಿದ್ದರೆ ಕಷ್ಟ. ಪ್ರಚಾರದ ಮಾತು ಶೂಟಿಂಗ್ ಮುಗಿದ ಮೇಲೆ ಶುರುವಾದರೆ, ಬೇಕಾದ ಬೆಳಕಿನಲ್ಲಿ ತೆಗೆದ ಒಂದು ಸ್ಟಿಲ್ಲೂ ಸಿಗದೇ ಹೋಗಬಹುದು. ಆಗ ಸಿಕ್ಕಿದ್ದರ ಮೇಲೆ ಬಣ್ಣ ಬಳಿಯುವುದೇ ಗತಿ. ಸೆಟ್ಟಿಗೆ ಹೋಗುವ ಮುಂಚೆಯೇ ಛಾಯಾಗ್ರಾಹಕ, ಸ್ಟಿಲ್ ಫೋಟೊಗ್ರಾಫರ್ ಮತ್ತು ಡಿಸೈನರ್ ಒಟ್ಟಿಗೆ ಕೂತು ಮಾತಾಡಬೇಕು.